ಆಷಾಢದ ಸೇಲ್, ಶ್ರಾವಣದ ಗಿರಾಕಿ

ಅಂಗಡಿ ಲೆಕ್ಕ: ಓದುಗರ ಪ್ರಶ್ನೆ, ಅಕ್ಕನ ಉತ್ತರ

ಆಷಾಢ ಹತ್ತಿರ ಬಂತಾ ಅಂತ ತಿಳಿಯಲು ನನಗೆ ಪಂಚಾಂಗ ಬೇಕಿಲ್ಲ. ಈ ಅಂಕಣಕ್ಕೆ ಬರುವ ಪತ್ರಗಳನ್ನು ನೋಡಿದರೆ ಸಾಕು. ಈ ಸಲ ಹೆಚ್ಚಿನವು ಡಿಸ್ಕೌಂಟ್ ಬಗ್ಗೆಯೇ ಇವೆ. ಕೊಡಬೇಕಾ, ಎಷ್ಟು ಕೊಡಬೇಕು, ಕೊಟ್ಟರೆ ಉಳಿಯುವುದೇನು ಅಂತ. ಹಾಗಾಗಿ ಬ್ಯಾಂಕ್ ಸಾಲ, ಜಿಎಸ್‌ಟಿ ನೋಟಿಸಿನ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು. ನಾನು ಮಾರ್ಕೆಟಿಂಗ್ ಓದಿದವಳಲ್ಲ. ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆದು ನಿವೃತ್ತಳಾದವಳು. ಗಲ್ಲಾ ಪಕ್ಕ ಕೂತು ಕಂಡದ್ದನ್ನೇ ಹೇಳುತ್ತೇನೆ.

ಪ್ರಶ್ನೆ: ಅಕ್ಕಾ, ನಾನೂ ನನ್ನ ಹೆಂಡತಿಯೂ ಸೇರಿ ಸೀರೆ ಅಂಗಡಿ ನಡೆಸುತ್ತೇವೆ. ಕಳೆದ ಆಷಾಢದಲ್ಲಿ ಎಲ್ಲ ಸೀರೆಗಳ ಮೇಲೆ 20 ಪರ್ಸೆಂಟ್ ಬಿಟ್ಟೆವು. ಜನ ಮುಗಿಬಿದ್ದರು. ಆದರೆ ಶ್ರಾವಣದಲ್ಲಿ, ವರಮಹಾಲಕ್ಷ್ಮಿ ಹಬ್ಬಕ್ಕೂ, ಅಂಗಡಿ ಭಣಭಣ ಅಂತಿತ್ತು. ಈ ಸಲ ಎದುರಿನ ಅಂಗಡಿಯವರು 40 ಪರ್ಸೆಂಟ್ ಬೋರ್ಡ್ ಹಾಕುತ್ತಾರಂತೆ. ನಾವೂ ಹಾಕಬೇಕಾ?
ಸೀರೆ ವ್ಯಾಪಾರಿ, ಶಿವಮೊಗ್ಗ

ಉತ್ತರ: ತಮ್ಮಾ, ನಿಮ್ಮ ಶ್ರಾವಣವನ್ನು ತಿಂದದ್ದು ನಿಮ್ಮದೇ ಆಷಾಢ. ವರಮಹಾಲಕ್ಷ್ಮಿಗೆ ಪೂರ್ತಿ ಬೆಲೆ ಕೊಟ್ಟು ಸೀರೆ ಒಯ್ಯಬೇಕಿದ್ದವರೇ ಕೆಲವು ವಾರ ಮೊದಲು ಬಂದು 20 ಪರ್ಸೆಂಟ್ ಕಡಿಮೆಗೆ ಒಯ್ದರು. ಒಂದು ಹಬ್ಬಕ್ಕೆ ಯಾರೂ ಎರಡು ಸಲ ಸೀರೆ ಕೊಳ್ಳುವುದಿಲ್ಲ, ಅಲ್ವಾ? ಗಲ್ಲಾ ತುಂಬಿದ್ದು ನೋಡಿ ಹೊಸ ಜನ ಬಂದರು ಅಂದುಕೊಂಡಿರಿ. ಬಂದವರಲ್ಲಿ ಎಷ್ಟೋ ಮಂದಿ ಮುಂದಿನ ತಿಂಗಳ ನಿಮ್ಮ ಗಿರಾಕಿಗಳೇ.

ಒಂದು ಸೀರೆಯ ಲೆಕ್ಕ ಹಾಕೋಣ. ಅಸಲು 1400, ಮಾರುವ ಬೆಲೆ 2000 ಅಂತಿರಲಿ. ತೆರಿಗೆ, ಬಾಡಿಗೆ, ಹುಡುಗರ ಸಂಬಳ ಸದ್ಯಕ್ಕೆ ಬದಿಗಿಡಿ. ಉಳಿಯುವುದು 600. 20 ಪರ್ಸೆಂಟ್ ಬಿಟ್ಟರೆ ಸೀರೆ 1600ಕ್ಕೆ ಹೋಗುತ್ತದೆ, ಉಳಿಯುವುದು 200. ಗಿರಾಕಿಗೆ ಉಳಿದದ್ದು ಐದರಲ್ಲಿ ಒಂದು ಪಾಲು. ನಿಮ್ಮ ಲಾಭದಲ್ಲಿ ಹೋದದ್ದು ಮೂರರಲ್ಲಿ ಎರಡು ಪಾಲು. ಮೊದಲಿನಷ್ಟೇ ಗಳಿಸಬೇಕಾದರೆ ಮೂರು ಪಟ್ಟು ಸೀರೆ ಮಾರಬೇಕು. ಮೂರು ಪಟ್ಟು ಬಿಚ್ಚಿ ತೋರಿಸಬೇಕು, ಮೂರು ಪಟ್ಟು ಮಡಚಬೇಕು. 30 ಪರ್ಸೆಂಟ್ ಬಿಟ್ಟರೆ ಅಸಲಿಗೆ ಅಸಲು. 40 ಬಿಟ್ಟರೆ ಒಂದೊಂದು ಸೀರೆಗೂ 200 ರೂಪಾಯಿ ಕೈಯಿಂದ ಹೋಗುತ್ತದೆ.

ಹಾಗಾದರೆ ಎದುರಿನವರು ಹೇಗೆ ಕೊಡುತ್ತಾರೆ? ಚೀಟಿಯ ಬೆಲೆಯನ್ನು ಜ್ಯೇಷ್ಠದಲ್ಲೇ ಏರಿಸಿರಬಹುದು. ಸೇಲ್‌ಗೆಂದೇ ಸೂರತ್‌ನಿಂದ ಹಗುರ ಮಾಲು ತರಿಸಿರಬಹುದು. ಹಳೇ ಸ್ಟಾಕ್ ತೆಗೆದು ದುಡ್ಡು ಬಿಡಿಸಿಕೊಳ್ಳುತ್ತಲೂ ಇರಬಹುದು. ಅವರ ಬೋರ್ಡ್ ನೋಡಿ ನೀವು ಬೋರ್ಡ್ ಬರೆಸಬೇಡಿ.

ಆಷಾಢದ ಸೇಲೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಅದು ಸುಮ್ನೆ ಹುಟ್ಟಿದ್ದಲ್ಲ. ಆ ತಿಂಗಳು ನಮ್ಮಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಮೈಸೂರಿನ ಚಾಮುಂಡಿ ಬೆಟ್ಟಕ್ಕೆ ಶುಕ್ರವಾರ ಜನ ಹತ್ತುತ್ತಾರೆ, ಆದರೆ ಅಂಗಡಿ ಮೆಟ್ಟಿಲು ಹತ್ತುವವರು ಕಡಿಮೆ. ಕಪಾಟಿನಲ್ಲಿ ಮದುವೆ ಸೀಸನ್‌ನ ಉಳಿಕೆ ಮಾಲು ಕೂತಿರುತ್ತದೆ. ಶ್ರಾವಣಕ್ಕೆ ಹೊಸ ಮಾಲು ತರಲು ಕೈಯಲ್ಲಿ ದುಡ್ಡು ಬೇಕು. ಹೀಗಾಗಿ ಉಳಿಕೆಯನ್ನು ಕಡಿಮೆಗೆ ಕಳಿಸುವ ರೂಢಿ ಬಂತು. ಅಷ್ಟಕ್ಕೆ ಅದು ಒಳ್ಳೆಯದೇ. ಎರಡು ವರ್ಷದಿಂದ ಮಡಿಕೆ ಬಿಚ್ಚದೆ ಕೂತ ಸೀರೆಯನ್ನು ಅಸಲಿಗಿಂತ ಕಡಿಮೆಗೆ ಮಾರಿದರೂ ನಷ್ಟ ಅನ್ನಬೇಡಿ. ನೀವು ಎಡವಿದ್ದು "ಎಲ್ಲ ಸೀರೆಗಳ ಮೇಲೆ" ಅನ್ನುವಲ್ಲಿ. ಉಳಿಕೆ ಮಾಲಿನ ಜತೆಗೆ ಹೊಸ ಮಾಲಿನ ಬೆಲೆಯನ್ನೂ ಇಳಿಸಿದಿರಿ.

ಇದರಲ್ಲಿ ಇನ್ನೊಂದು ಪೆಟ್ಟಿದೆ, ಅದು ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ವೈಶಾಖದಲ್ಲಿ ಮಗಳ ಮದುವೆಗೆ ನಿಮ್ಮಲ್ಲಿ 2000 ಕೊಟ್ಟು ಸೀರೆ ಒಯ್ದ ತಾಯಿ, ಅದೇ ಸೀರೆ ಆಷಾಢದಲ್ಲಿ 1600ಕ್ಕೆ ಬಾಗಿಲಲ್ಲೇ ನೇತಾಡುವುದನ್ನು ನೋಡುತ್ತಾಳೆ. ಅವಳು ಜಗಳಕ್ಕೆ ಬರುವುದಿಲ್ಲ. ದೀಪಾವಳಿಗೆ ಬೇರೆ ಅಂಗಡಿಗೆ ಹೋಗುತ್ತಾಳೆ, ಅಷ್ಟೇ.

ಆ ಮನೆಯ ಬೆಲೆ ಎಷ್ಟು ಅಂತ ಎಂದಾದರೂ ಲೆಕ್ಕ ಹಾಕಿದ್ದೀರಾ? ಯುಗಾದಿ, ಗೌರಿ, ದೀಪಾವಳಿ, ನಡುವೆ ಒಂದು ಮದುವೆ ಉಡುಗೊರೆ ಎಲ್ಲ ಸೇರಿ ವರ್ಷಕ್ಕೆ 12,000 ರೂಪಾಯಿ ವ್ಯಾಪಾರ ಅನ್ನೋಣ. ನೂರಕ್ಕೆ 30 ಉಳಿದರೆ ವರ್ಷಕ್ಕೆ 3600. ಐದು ವರ್ಷ ಬಂದರೆ 18,000. ಸೇಲ್ ಸೀರೆಯಲ್ಲಿ ನಿಮಗೆ ಉಳಿದದ್ದು 200. ಅಂದರೆ ಅಂಥ ಒಂದು ಮನೆ ಕೈಬಿಟ್ಟರೆ 90 ಸೇಲ್ ಸೀರೆಗಳ ಲಾಭ ಹೋದಂತೆ.

ನಾನಿದ್ದ ಅಂಗಡಿಯ ಯಜಮಾನರು ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿದವರಲ್ಲ. ಆದರೆ ಅವರ ಮೇಜಿನ ಡ್ರಾಯರ್‌ನಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಇರುತ್ತಿತ್ತು. ಯಾವ ಊರು, ಯಾವ ಮನೆ, ಎಷ್ಟು ಹೆಣ್ಣುಮಕ್ಕಳು, ಯಾರ ಮದುವೆ ಆಯಿತು ಅಂತ ಅದರಲ್ಲಿ ಬರೆದಿರುತ್ತಿದ್ದರು. ಚನ್ನಗಿರಿ ಕಡೆಯವರಿಗೆ ಅಡಿಕೆ ದುಡ್ಡು ಯಾವಾಗ ಬರುತ್ತದೆ, ಜಗಳೂರಿನವರು ಮೆಕ್ಕೆಜೋಳ ಯಾವಾಗ ಮಾರುತ್ತಾರೆ ಅನ್ನುವುದು ಅವರಿಗೆ ಬಾಯಿಪಾಠ. ಸೇಲ್ ಅವರೂ ಹಾಕುತ್ತಿದ್ದರು. ಆದರೆ ಬೋರ್ಡ್ ಏಳುವ ಮುಂಚೆ ಹಳೇ ಮನೆಗಳಿಗೆ ಹೇಳಿಕಳಿಸುತ್ತಿದ್ದರು. ಅವರು ಬಂದು ಆರಿಸಿಕೊಂಡ ಮೇಲೆ ಉಳಿದದ್ದು ಬೀದಿಗೆ ಬರುತ್ತಿತ್ತು. ಇಂದಿಗೆ ಅದು ಒಂದು ವಾಟ್ಸ್‌ಆ್ಯಪ್ ಸಂದೇಶದ ಕೆಲಸ.

ನೀವು ಈ ಸಲ ಹೀಗೆ ಮಾಡಿ. ಒಂದು ವರ್ಷ ದಾಟಿದ ಮಾಲನ್ನು ಮಾತ್ರ ಬೇರೆ ಮಾಡಿ, ಅದಕ್ಕೆ ಬೇಕಾದರೆ 40 ಅಂತಲೇ ಬೋರ್ಡ್ ಹಾಕಿ. ಈ ಸೀಸನ್‌ನಲ್ಲಿ ಶೋಕೇಸ್‌ನಲ್ಲಿದ್ದ ಸೀರೆ ಆ ರಾಶಿಗೆ ಬೀಳದಿರಲಿ. ಸೇಲ್‌ನಲ್ಲಿ ಕೊಂಡ ಹೊಸಬರ ಬಿಲ್ ಮೇಲೆ "ಆ" ಅಂತ ಗುರುತು ಹಾಕಿ, ಅವರು ಒಪ್ಪಿದರೆ ಫೋನ್ ನಂಬರ್ ಬರೆದುಕೊಳ್ಳಿ. ದೀಪಾವಳಿ ಮುಗಿದ ಮೇಲೆ ಕೂತು ನೋಡಿ. ಗುರುತಿದ್ದವರಲ್ಲಿ ಎಷ್ಟು ಮಂದಿ ಪೂರ್ತಿ ಬೆಲೆಗೆ ಎರಡನೇ ಬಿಲ್ ಮಾಡಿಸಿದ್ದಾರೆ?

ಪಾಂಪ್ಲೆಟ್, ಆಟೋ ಪ್ರಚಾರ, ಬಿಟ್ಟ ಬೆಲೆ ಎಲ್ಲ ಸೇರಿ 20,000 ಖರ್ಚಾಗಿ ನೂರು ಹೊಸಬರು ಬಂದರು ಅಂತಿಟ್ಟುಕೊಳ್ಳಿ. 20 ಮಂದಿ ತಿರುಗಿ ಬಂದರೆ ಒಬ್ಬೊಬ್ಬರಿಗೆ 1000 ಬಿತ್ತು. ಅವರು ಹಳೇ ಮನೆಗಳ ಹಾಗೆ ವರ್ಷಕ್ಕೆ 3600 ಉಳಿಸಿಕೊಡುವವರಾದರೆ ಸೇಲ್ ಗೆದ್ದಿತು. ಬಂದದ್ದು ನಾಲ್ಕೇ ಮಂದಿಯಾದರೆ ತಲೆಗೆ 5000. ಅದನ್ನು ತೀರಿಸಲು ಒಂದೂವರೆ ವರ್ಷ ಹತ್ತಿರ ಬೇಕು, ಅಷ್ಟರಲ್ಲಿ ಮುಂದಿನ ಆಷಾಢ ಬಂದಿರುತ್ತದೆ. ಸೇಲ್ ದಿನದ ಗಲ್ಲಾ ಎಣಿಸಿ ಖುಷಿಪಡುವುದಕ್ಕಿಂತ ಈ ಎರಡನೇ ಬಿಲ್ ಎಣಿಸಿ.

ಪ್ರಶ್ನೆ: ಅಕ್ಕಾರೇ, ನಮ್ಮದು ಸಣ್ಣ ಖಾನಾವಳಿ. ರೊಟ್ಟಿ, ಎಣಗಾಯಿ, ಝುಣಕ. ಫುಡ್ ಡೆಲಿವರಿ ಆ್ಯಪ್‌ನವರು ಅರ್ಧ ಬೆಲೆ ಆಫರ್ ಹಾಕಿ ಅಂತ ದಿನಾ ಫೋನ್ ಮಾಡುತ್ತಾರೆ. ಹಾಕಿದ ವಾರ ಆರ್ಡರ್ ಸುರಿಯಿತು, ತೆಗೆದ ವಾರ ನಿಂತೇ ಹೋಯಿತು. ಮತ್ತೆ ಹಾಕಲಾ?
ಖಾನಾವಳಿಯವರು, ಹುಬ್ಬಳ್ಳಿ

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಆಫರ್ ತೆಗೆದ ಕೂಡಲೇ ಹೋದವರು ನಿಮ್ಮ ಎಣಗಾಯಿಗೆ ಬಂದವರಲ್ಲ.

ಊಟ 120 ರೂಪಾಯಿ, ಸಾಮಾನು, ಗ್ಯಾಸ್, ಡಬ್ಬಿ ಸೇರಿ 55, ಕಮಿಷನ್ ನೂರಕ್ಕೆ 25 ಅನ್ನೋಣ. ಆಫರ್ ಇಲ್ಲದಾಗ 30 ಕಮಿಷನ್ ಕಳೆದು ಕೈಗೆ 90, ಖರ್ಚು ಕಳೆದರೆ 35. ಅರ್ಧ ಬೆಲೆಯ ಭಾರ ಪೂರ್ತಿ ನಿಮ್ಮ ಮೇಲಿದ್ದರೆ ಬೆಲೆ 60, ಕಮಿಷನ್ 15, ಕೈಗೆ 45. ಖರ್ಚೇ 55. ಪ್ರತಿ ಊಟಕ್ಕೆ 10 ರೂಪಾಯಿ ನೀವೇ ಕೊಟ್ಟು ಉಣ್ಣಿಸಿದಿರಿ. ಕಮಿಷನ್ ಅನ್ನು 120ರ ಮೇಲೆ ಹಿಡಿದರೆ ಇನ್ನೂ ಕಷ್ಟ. ನಿಮ್ಮ ವಾರದ ಸ್ಟೇಟ್‌ಮೆಂಟ್ ತೆಗೆದು ಈ ನಾಲ್ಕು ಅಂಕಿ ನಿಮ್ಮದೇ ಹಾಕಿ ನೋಡಿ. ಆಫರ್‌ನಲ್ಲಿ ಆ್ಯಪ್‌ನವರ ಪಾಲು ಎಷ್ಟು, ನಿಮ್ಮ ಪಾಲು ಎಷ್ಟು ಅಂತ ಬರವಣಿಗೆಯಲ್ಲಿ ಕೇಳಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ದೊಡ್ಡ ಹೋಟೆಲಿನವರೂ ಇದನ್ನು ಉಂಡಿದ್ದಾರೆ. 2017ರ ಕೊನೆಯಲ್ಲಿ ಝೊಮ್ಯಾಟೊ ಗೋಲ್ಡ್ ಬಂತು. ದುಡ್ಡು ಕಟ್ಟಿ ಅದರ ಸದಸ್ಯರಾದವರಿಗೆ ಒಂದು ಪದಾರ್ಥಕ್ಕೆ ಇನ್ನೊಂದು ಬಿಟ್ಟಿ. ಹೊಸ ಗಿರಾಕಿ ಬರುತ್ತಾರೆ ಅಂತ ಹೋಟೆಲಿನವರೇ ಸೇರಿದರು. 2019ರ ಆಗಸ್ಟ್ ಹೊತ್ತಿಗೆ ಗುರುಗ್ರಾಮದಲ್ಲಿ ಶುರುವಾಗಿ ಬೆಂಗಳೂರಿನವರೆಗೆ "ಲಾಗೌಟ್" ಅಂತ ಸಾವಿರಕ್ಕೂ ಹೆಚ್ಚು ಹೋಟೆಲ್‌ಗಳು ಇಂಥ ಆಫರ್‌ಗಳಿಂದ ಹೊರಬಂದವು. ಜನರಿಗೆ ಡಿಸ್ಕೌಂಟ್ ಚಟ ಹಿಡಿಸಿದ್ದೀರಿ ಅನ್ನುವುದು ಅವರ ದೂರು. ನನ್ನ ಪ್ರಕಾರ ಪೂರ್ತಿ ದೂರು ಆ್ಯಪ್‌ನ ಮೇಲೆ ಹೊರಿಸಲಾಗದು. ಗೋಲ್ಡ್ ನೋಡಿ ಬಂದವನು ಗೋಲ್ಡ್‌ನ ಗಿರಾಕಿ ಅನ್ನುವುದನ್ನು ಸೇರುವ ದಿನವೇ ನೋಡಬೇಕಿತ್ತು.

ನಿಮ್ಮ ಊರಿನಲ್ಲೇ ಇದಕ್ಕಿಂತ ಒಳ್ಳೆಯ ಪದ್ಧತಿ ಇದೆಯಲ್ಲ, ಖಾನಾವಳಿಯ ತಿಂಗಳ ಕೂಪನ್. 30 ಊಟಕ್ಕೆ 3600 ಆಗುತ್ತದೆ. ಅದನ್ನು 3000ಕ್ಕೆ ಕೊಡಿ. ಊಟಕ್ಕೆ 20 ರೂಪಾಯಿ ಬಿಟ್ಟಂತಾಯಿತು, ಆದರೆ ದುಡ್ಡು ಮುಂಗಡ ಬಂತು, ಕಮಿಷನ್ ಇಲ್ಲ, ಡಬ್ಬಿ ಇಲ್ಲ. ನಾಳೆ ಎಷ್ಟು ಕೆಜಿ ಹಿಟ್ಟು ಕಲಸಬೇಕು ಅಂತ ಇವತ್ತೇ ಗೊತ್ತು. ವಿದ್ಯಾರ್ಥಿಗಳು, ಒಂಟಿಯಾಗಿರುವ ನೌಕರರು ಇಂಥದ್ದನ್ನೇ ಹುಡುಕುತ್ತಿರುತ್ತಾರೆ. ಆ್ಯಪ್ ಪೂರ್ತಿ ಬಿಡಿ ಅಂತ ಹೇಳುವುದಿಲ್ಲ. ಅದು ನಿಮ್ಮ ಹೆಸರು ದೂರದ ಬಡಾವಣೆಗೆ ಮುಟ್ಟಿಸುತ್ತದೆ. ಪೂರ್ತಿ ಬೆಲೆಯಲ್ಲಿ ಇರಿ, ವ್ಯಾಪಾರ ಮಂದವಾದ ಮಂಗಳವಾರ ಬೇಕಿದ್ದರೆ 10 ಪರ್ಸೆಂಟ್ ಬಿಡಿ. ಅಷ್ಟು ಸಾಕು.

ಪ್ರಶ್ನೆ: ಮೇಡಂ, ನಮ್ಮ ರೆಡಿಮೇಡ್ ಅಂಗಡಿಯಲ್ಲಿ ವರ್ಷವಿಡೀ ಏನಾದರೊಂದು ಆಫರ್ ಇರುತ್ತದೆ. ಸಾಕಾಗಿದೆ. ಬರುವ ಒಂದನೇ ತಾರೀಖಿನಿಂದ ಎಲ್ಲ ಆಫರ್ ತೆಗೆದು "ಒಂದೇ ಬೆಲೆ, ಸರಿ ಬೆಲೆ" ಅಂತ ಬೋರ್ಡ್ ಹಾಕಬೇಕು ಅಂತಿದ್ದೇನೆ. ಡಿಮಾರ್ಟ್‌ನವರು ಹಾಗೇ ಮಾಡುತ್ತಾರಲ್ಲ?
ಬಟ್ಟೆ ವ್ಯಾಪಾರಿ, ಬೆಳಗಾವಿ

ಉತ್ತರ: ಒಂದನೇ ತಾರೀಖು ಬೇಡ! ಅಮೆರಿಕದ ಒಂದು ದೊಡ್ಡ ಅಂಗಡಿ ಸರಪಳಿ ಇದನ್ನೇ ಮಾಡಿ ಪಾಠ ಕಲಿತಿದೆ. ಅದರ ಹೆಸರು ಜೆಸಿ ಪೆನಿ. ಆ್ಯಪಲ್ ಅಂಗಡಿಗಳನ್ನು ಕಟ್ಟಿ ಹೆಸರಾಗಿದ್ದ ರಾನ್ ಜಾನ್ಸನ್ ಅಲ್ಲಿಗೆ ಮುಖ್ಯಸ್ಥರಾಗಿ ಬಂದರು. 2012ರ ಫೆಬ್ರವರಿಯಿಂದ ಕೂಪನ್, ಸೇಲ್ ಎಲ್ಲ ತೆಗೆದು ಮೊದಲೇ ಇಳಿಸಿದ ಪ್ರಾಮಾಣಿಕ ಬೆಲೆ ಬರೆದರು. ಒಂದೇ ವರ್ಷದಲ್ಲಿ ವ್ಯಾಪಾರ ಸುಮಾರು ಕಾಲು ಭಾಗ ಬಿದ್ದಿತು. 17 ಬಿಲಿಯನ್ ಡಾಲರ್ ದಾಟಿದ್ದದ್ದು 13ರ ಹತ್ತಿರಕ್ಕೆ ಬಂತು. 2013ರ ಏಪ್ರಿಲ್‌ನಲ್ಲಿ ಅವರು ಹೊರನಡೆಯಬೇಕಾಯಿತು, ಕೂಪನ್ ವಾಪಸ್ ಬಂತು.

ಬೆಲೆ ಕಡಿಮೆ ಇತ್ತು, ಆದರೂ ಜನ ಯಾಕೆ ಬಿಟ್ಟರು? ಆ ಅಂಗಡಿಯೇ ವರ್ಷಗಟ್ಟಲೆ ಅವರಿಗೆ ಕೂಪನ್ ರುಚಿ ಹತ್ತಿಸಿತ್ತು. ಪೇಪರಿನಿಂದ ಕತ್ತರಿಸಿ ತಂದು, ನೂರರದ್ದನ್ನು ಅರವತ್ತಕ್ಕೆ ಒಯ್ದೆ ಅಂತ ಮನೆಯಲ್ಲಿ ಹೇಳಿಕೊಳ್ಳುವುದು ಅವರ ಸಂತೋಷ. ಅರವತ್ತು ಅಂತಲೇ ಬರೆದಿಟ್ಟರೆ ಆ ಸಂತೋಷ ಎಲ್ಲಿಂದ ಬರಬೇಕು? ನಿಮ್ಮ ಖಡೇಬಜಾರ್‌ನಲ್ಲೂ ಚೌಕಾಸಿ ಮಾಡದೆ ಹೊರಟ ಗಿರಾಕಿಗೆ ಸಮಾಧಾನ ಇರುವುದಿಲ್ಲ ಅನ್ನುವುದು ನಿಮಗೇ ಗೊತ್ತು.

ಡಿಮಾರ್ಟ್ ಕತೆ ಬೇರೆ. ಅವರು ಹೆಚ್ಚಿನ ಕಡೆ ಜಾಗ ಸ್ವಂತಕ್ಕೆ ಕೊಳ್ಳುತ್ತಾರೆ, ಬಾಡಿಗೆಯ ಭಾರ ಕಡಿಮೆ. ಮಾಲು ಕೊಟ್ಟವರಿಗೆ ಬೇಗ ದುಡ್ಡು ಕೊಟ್ಟು ಕಡಿಮೆ ದರ ಮಾಡಿಸಿಕೊಳ್ಳುತ್ತಾರೆ. ಅಕ್ಕಿ, ಎಣ್ಣೆ, ಸೋಪು ಪ್ರತಿ ತಿಂಗಳೂ ಬೇಕು. ಮೊದಲ ದಿನದಿಂದ ಅವರ ಗಿರಾಕಿ ಕಲಿತದ್ದೂ ದಿನವೂ ಕಡಿಮೆ ಬೆಲೆ ಅನ್ನುವುದನ್ನೇ. ನಿಮ್ಮ ಗಿರಾಕಿಗೆ ನೀವು ಕಲಿಸಿದ್ದು ಬೇರೆ.

ನಿಧಾನಕ್ಕೆ ಬಿಡಿಸಿ. ಮೊದಲು ಶಾಲಾ ಯೂನಿಫಾರ್ಮ್, ಬನಿಯನ್, ಲುಂಗಿ ಇಂಥ ದಿನಬಳಕೆಯ ಮಾಲಿನಿಂದ ಆಫರ್ ತೆಗೆಯಿರಿ. ಅವನ್ನು ಜನ ಬೇಕಾದಾಗ ಕೊಳ್ಳುತ್ತಾರೆ, ಆಫರ್‌ಗೆ ಕಾಯುವುದಿಲ್ಲ. ಆಮೇಲೆ ಆಫರ್ ತಿಂಗಳುಗಳನ್ನು ಕಡಿಮೆ ಮಾಡುತ್ತಾ ವರ್ಷಕ್ಕೆ ಎರಡಕ್ಕೆ ತನ್ನಿ, ಆಷಾಢ ಒಂದು, ಸಂಕ್ರಾಂತಿಯ ನಂತರ ಒಂದು. ಆ ಎರಡನ್ನು ಮಾತ್ರ ತಪ್ಪಿಸಬೇಡಿ.

ಪ್ರಶ್ನೆ: ನಾನು ಕೇಬಲ್ ಇಂಟರ್‌ನೆಟ್ ನಡೆಸುತ್ತೇನೆ. ಹೊಸ ಕನೆಕ್ಷನ್‌ಗೆ ಆರು ತಿಂಗಳು ಅರ್ಧ ದರ ಕೊಟ್ಟೆ. ಈಗ ಹಳಬರು ಫೋನ್ ಮಾಡಿ ಬೈಯುತ್ತಿದ್ದಾರೆ.
ಹಾಸನ

ಉತ್ತರ: ಬೈಯುವವರು ಇನ್ನೂ ನಿಮ್ಮವರು. ಬೈಯದೆ ಹೆಂಡತಿ ಹೆಸರಿನಲ್ಲಿ ಹೊಸ ಕನೆಕ್ಷನ್ ಕೇಳುವವರು ಬರುತ್ತಿದ್ದಾರಾ ನೋಡಿ, ಬಂದರೆ ಹಳಬರೂ ಅರ್ಧ ದರಕ್ಕೆ ಇಳಿದಂತೆ. ಹೊಸಬರಿಗೆ ಮಾಸಿಕ ದರ ಇಳಿಸಬೇಡಿ, ಜೋಡಣೆ ಶುಲ್ಕ ಬಿಡಿ. ಅದು ಒಂದು ಸಲದ್ದು, ಹಳಬರಿಗೆ ಚುಚ್ಚುವುದಿಲ್ಲ. ಎರಡು ವರ್ಷ ದಾಟಿದವರಿಗೆ ಅದೇ ದುಡ್ಡಿಗೆ ವೇಗ ಜಾಸ್ತಿ ಮಾಡಿ, ಅವರು ಕೇಳುವ ಮುಂಚೆ ಮಾಡಿ. ನೆಟ್ ಕೆಟ್ಟ ದಿನವೇ ಹುಡುಗನನ್ನು ಕಳಿಸಿದರೆ ಅರ್ಧ ಬೈಗುಳ ಅಲ್ಲೇ ನಿಲ್ಲುತ್ತದೆ.

ಪ್ರಶ್ನೆ: ನಾನು ವ್ಯಾಪಾರಿಯಲ್ಲ, ಕೊಳ್ಳುವವಳು. 1999 ಅಂತ ಬರೆದು ಅಡ್ಡಗೆರೆ ಎಳೆದು 699 ಅಂತ ಹಾಕುತ್ತಾರಲ್ಲ, ಆ 1999ಕ್ಕೆ ಯಾರಾದರೂ ಯಾವತ್ತಾದರೂ ಮಾರಿದ್ದಾರಾ?
ಗೃಹಿಣಿ, ಮೈಸೂರು

ಉತ್ತರ: ಒಳ್ಳೆ ಪ್ರಶ್ನೆ ಕಣಮ್ಮಾ. ಎಂಆರ್‌ಪಿ ಅಂದರೆ ಎಲ್ಲ ತೆರಿಗೆ ಸೇರಿ ಅದಕ್ಕಿಂತ ಜಾಸ್ತಿ ತಗೊಳ್ಳುವಂತಿಲ್ಲ ಅನ್ನುವ ಗಡಿ ಅಷ್ಟೇ. ಆ ಬೆಲೆಗೆ ಮಾರಾಟ ಆಗಿತ್ತು ಅಂತ ಅದು ಹೇಳುವುದಿಲ್ಲ. ಆದರೆ ಇಲ್ಲದ ಬೆಲೆ ತೋರಿಸಿ ರಿಯಾಯಿತಿ ಅಂತ ನಂಬಿಸಿದರೆ ಅದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿನ ಕೆಳಗೆ ಬರಬಹುದು. ಮಾಲೇ ಇಲ್ಲದೆ ಕಡಿಮೆ ಬೆಲೆ ತೋರಿಸಿ ಅಂಗಡಿಗೆ ಕರೆಸುವುದರ ಮೇಲೂ 2022ರ ಮಾರ್ಗಸೂಚಿಯಲ್ಲಿ ಕಡಿವಾಣ ಇದೆ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆ ಬೆಲೆ ತೋರಿಸಿದ ಜಾಹೀರಾತಿನ ಫೋಟೊ, ಬಿಲ್ ಎರಡೂ ಇಟ್ಟುಕೊಳ್ಳಿ. ಕೊಳ್ಳುವಾಗ ಮಾತ್ರ ಅಡ್ಡಗೆರೆ ಎಳೆದದ್ದನ್ನು ಕೈಯಿಂದ ಮುಚ್ಚಿ, ಈ ವಸ್ತುವಿಗೆ ನಾನು 699 ಕೊಡುತ್ತೇನಾ ಅಂತ ಕೇಳಿಕೊಳ್ಳಿ.

ಪ್ರಶ್ನೆ: ಅಕ್ಕಾ, ಮನೆಯಲ್ಲೇ ಮಿಡಿ ಉಪ್ಪಿನಕಾಯಿ ಮಾಡಿ ಇನ್‌ಸ್ಟಾಗ್ರಾಮ್‌ನಲ್ಲಿ ಮಾರುತ್ತೇನೆ. ಮೊದಲ ಆರ್ಡರ್‌ಗೆ 100 ರೂಪಾಯಿ ಬಿಟ್ಟಿದ್ದೆ. ಅದೇ ವಿಳಾಸಕ್ಕೆ ತಮ್ಮನ ಹೆಸರು, ಅತ್ತೆಯ ಹೆಸರು ಅಂತ ಮೂರು ಮೊದಲ ಆರ್ಡರ್ ಬಂದವು!
ಉಪ್ಪಿನಕಾಯಿಯವಳು, ಉಡುಪಿ

ಉತ್ತರ: ಸಿಟ್ಟಾಗಬೇಡಿ. ಮೂರು ಸಲ ತರಿಸಿದ್ದಾರೆ ಅಂದರೆ ರುಚಿ ಹಿಡಿಸಿದೆ. ಅವರಿಗೆ ಎರಡನೇ ಸಲ ಅದೇ ಹೆಸರಿನಲ್ಲಿ ಬರಲು ನೀವು ಕಾರಣ ಕೊಟ್ಟಿಲ್ಲ ಅಷ್ಟೇ. ಆ 100 ರೂಪಾಯಿಯನ್ನು ಮೊದಲ ಆರ್ಡರ್‌ನಿಂದ ತೆಗೆದು ಎರಡನೆಯದಕ್ಕೆ ಹಾಕಿ. ಮೊದಲ ಡಬ್ಬಿಯ ಒಳಗೆ ಚೀಟಿ ಇಡಿ: ಮೂರು ತಿಂಗಳೊಳಗೆ ಮತ್ತೆ ತರಿಸಿದರೆ ಇಷ್ಟು ಕಡಿಮೆ. ಅರ್ಧ ಕೆಜಿ ಮಿಡಿ ಒಂದು ಮನೆಗೆ ಎಷ್ಟು ದಿನ ಬರುತ್ತದೆ ಅಂತ ನಿಮಗೆ ಗೊತ್ತಿರುತ್ತದೆ. ಅದು ಮುಗಿಯುವ ಹೊತ್ತಿಗೆ ಒಂದು ಸಂದೇಶ ಕಳಿಸಿ.

ಹೊಸಬರಿಗೆ ಬೆಲೆ ಇಳಿಸುವ ಬದಲು ಕೊಸರು ಕೊಡಿ. ಮಿಡಿ ತರಿಸಿದವರಿಗೆ ಒಂದು ಸಣ್ಣ ಪೊಟ್ಟಣ ಅಪ್ಪೆಹುಳಿ ಗೊಜ್ಜು ಅಥವಾ ಚಟ್ನಿಪುಡಿ ಹಾಕಿ. ನಿಮಗೆ ಬೀಳುವುದು ಅಸಲು ಮಾತ್ರ, ಮಿಡಿಯ ಬೆಲೆ ಇದ್ದ ಹಾಗೇ ಇರುತ್ತದೆ, ಮುಂದಿನ ಸಲ ಅವರು ಎರಡು ಪದಾರ್ಥ ಕೇಳುತ್ತಾರೆ. ಗೊಜ್ಜು ಹಾಕುವುದಾದರೆ ಗಾಜಿನ ಬಾಟಲಿ ಬೇಡ, ಮಳೆಗಾಲದ ಕೊರಿಯರ್‌ನಲ್ಲಿ ಒಡೆದು ಬಂದರೆ ಎರಡನೇ ಆರ್ಡರ್ ಮರೆತುಬಿಡಿ.